‘ನಾಳೆಯಿಂದ ಬರಬೇಡ’

ವಿದ್ಯಾರ್ಥಿಗಳಾದ ನಾವು ವಾರ್ಷಿಕ ಸಂಚಿಕೆಗೆ ಲೇಖನ ಬರೆಯುವಾಗ ಶಿಸ್ತು, ಸಮಯಪಾಲನೆ, ಪ್ರಕೃತಿಸೌಂದರ್ಯ ಮುಂತಾದ ನಿರುಪದ್ರವಿ ವಿಷಯಗಳನ್ನು ಆರಿಸಿಕೊಳ್ಳುವುದು ವಾಡಿಕೆ. ಮೊದಲೆರಡು ವರ್ಷ ನಾನೂ ಹಾಗೆಯೇ ಮಾಡಿದೆನು. ಈ ಸಲ ಮಾತ್ರ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯಿಂದ ಆರಂಭಿಸಲು ವಾಚಕರ ಅಪ್ಪಣೆ ಬೇಡುತ್ತೇನೆ.

ನಮ್ಮೂರು ಎಕಂಬಾ. ನಮ್ಮ ದೊಡ್ಡಪ್ಪನ ಮಗ, ಅಂದರೆ ನನ್ನ ಅಣ್ಣ, ಪಿ.ಯು.ಸಿ. ಮುಗಿಸಿ, ಔರಾದಿನಲ್ಲಿ ಕಂಪ್ಯೂಟರು ಕಲಿತು, ಬೀದರಿನ ಒಂದು ಕಛೇರಿಯಲ್ಲಿ ಹೊರಗುತ್ತಿಗೆಯ ಡೇಟಾ ಎಂಟ್ರಿ ಕೆಲಸಕ್ಕೆ ಸೇರಿದ್ದನು. ಕೂರುವ ಕುರ್ಚಿ ಕಛೇರಿಯದು. ಸಂಬಳ ಕೊಡುವವರು ಏಜೆನ್ಸಿಯವರು. ಎರಡೂವರೆ ವರ್ಷ ಹೀಗೆಯೇ ನಡೆಯಿತು. ತಿಂಗಳು ತಿಂಗಳು ಅವನ ಸಂಬಳದಿಂದ ಪಿ.ಎಫ್. ಹಣ ಮುರಿದುಕೊಳ್ಳುತ್ತಿದ್ದರು, ಮೊಬೈಲಿನಲ್ಲಿ ನೋಡಿದರೆ ಐದು ತಿಂಗಳಿನಿಂದ ಖಾತೆಗೆ ಜಮೆಯೇ ಇಲ್ಲ. ಬಾಯಿಮಾತಿನಲ್ಲಿ ಎರಡು ಸಲ ಕೇಳಿದ್ದಕ್ಕೆ, ‘ಮೇಲ್ ಹಾಕು’ ಎಂಬ ಉತ್ತರ ಬಂದಿತು.

ಶನಿವಾರ ಊರಿಗೆ ಬಂದವನು, “ತಂಗಿ, ನೀ ಕಾಲೇಜ್ ಕಲ್ಯಾಕಿ, ಇಂಗ್ಲಿಷ್‌ದಾಗ ಬರ್ದು ಕೊಡು” ಎಂದನು. ಆ ಇ-ಮೇಲನ್ನು ಬರೆದವಳು ನಾನೇ. ‘ವಿನಂತಿಸುತ್ತೇನೆ’ ಎನ್ನಬೇಕಾದಲ್ಲಿ ‘ಡಿಮ್ಯಾಂಡ್’ ಎಂಬ ಶಬ್ದವನ್ನು ಇಟ್ಟವಳೂ ನಾನೇ. ಪಠ್ಯದಲ್ಲಿ ಓದಿದ ಶಬ್ದ. ತೂಕವಾಗಿ ಕಾಣುವುದೆಂದು ನನಗೆ ಹೆಮ್ಮೆ. ಕಛೇರಿಯ ಮುಖ್ಯಸ್ಥರಿಗೂ ಒಂದು ಪ್ರತಿ ಹೋಗಲೆಂದು ಸೂಚಿಸಿದವಳೂ ನಾನೇ. ನಮ್ಮ ಮನೆತನದಲ್ಲಿ ಪದವಿಯವರೆಗೆ ಬಂದವಳು ನಾನೊಬ್ಬಳೇ ಆದುದರಿಂದ ಮನೆಯಲ್ಲಿ ಅದನ್ನು ತಿದ್ದುವವರು ಯಾರೂ ಇರಲಿಲ್ಲ.

ಸೋಮವಾರ ಏಜೆನ್ಸಿಯಿಂದ ಸಿಟ್ಟಿನ ಉತ್ತರ ಬಂದಿತು. ಅಣ್ಣ ಫೋನು ಮಾಡಿದ. ನಾನು ಅದಕ್ಕೂ ಒಂದು ಉತ್ತರ ಬರೆದು ಕಳಿಸಿದೆನು. ಬುಧವಾರ ಅವನ ಪಾಸ್‌ವರ್ಡು ಕೆಲಸ ಮಾಡಲಿಲ್ಲ. ಗುರುವಾರ ಬಾಗಿಲಿನ ಕಾವಲುಗಾರನೇ, “ನಾಳಿಂದ ಬರಬ್ಯಾಡಂತ ಹೇಳ್ಯಾರ” ಎಂದನು. ಏಜೆನ್ಸಿಯನ್ನು ಕೇಳಿದರೆ, ‘ಕಛೇರಿಯವರು ಬೇಡವೆಂದರು, ನಾವೇನು ಮಾಡೋಣ?’ ಕಛೇರಿಯನ್ನು ಕೇಳಿದರೆ, ‘ನೀನು ನಮ್ಮ ನೌಕರನೇ ಅಲ್ಲವಲ್ಲ!’ ಎರಡೂವರೆ ವರ್ಷ ಇಬ್ಬರ ಆಳಾಗಿ ದುಡಿದವನು ಆ ದಿನ ಯಾರ ಆಳೂ ಆಗಿರಲಿಲ್ಲ. ಒಂದು ಚೀಟಿಯೂ ಅವನ ಕೈಗೆ ಬರಲಿಲ್ಲ.

ನಮ್ಮಪ್ಪ ಹರೆಯದಲ್ಲಿ ಒಬ್ಬ ಸಾಹುಕಾರರ ಹೊಲದಲ್ಲಿ ವರ್ಷದಾಳಾಗಿದ್ದರು. ಯುಗಾದಿಯಿಂದ ಯುಗಾದಿಗೆ ಲೆಕ್ಕ. ಅಣ್ಣನ ಕಥೆ ಕೇಳಿ ಅವರು ಬಹಳ ಹೊತ್ತು ಸುಮ್ಮನಿದ್ದು, “ನಮಗ ಬ್ಯಾಡಾದ್ರ ಹೋಳಿ ಹುಣ್ಣಿವಿಗೇ ಹೇಳ್ತಿದ್ರು. ಬ್ಯಾರೆ ಮನಿ ಹುಡುಕ್ಕೊಳ್ಳಾಕ ಹದಿನೈದು ದಿನ ಸಿಗ್ತಿತ್ತು” ಎಂದರು. ಆ ಕಾಲವೇ ಒಳ್ಳೆಯದಿತ್ತೆಂದು ನಾನು ಹೇಳುತ್ತಿಲ್ಲ. ಸಾಲದಲ್ಲಿ ಸಿಕ್ಕವನಿಗೆ ಆ ಹದಿನೈದು ದಿನವೂ ಇರುತ್ತಿರಲಿಲ್ಲ. ಜೀತವನ್ನು ಅಳಿಸುವುದಕ್ಕೆ 1976ರಲ್ಲಿ ಕಾಯಿದೆಯೇ ಬರಬೇಕಾಯಿತು. ಆದರೆ ಅಪ್ಪನಿಗೆ ‘ಬೇಡ’ ಎಂದು ಹೇಳುವ ಒಬ್ಬ ಮನುಷ್ಯನಾದರೂ ಎದುರಿಗಿದ್ದನು. ಅಣ್ಣನಿಗೆ ಇದ್ದುದು ತೆರೆಯದ ಪಾಸ್‌ವರ್ಡು.

ಇಷ್ಟಾದ ಮೇಲೆ ನಾನು ಗ್ರಂಥಾಲಯದಲ್ಲಿ ಕಾಯಿದೆಯನ್ನು ಹುಡುಕಲಾರಂಭಿಸಿದೆನು. 1947ರ ಕೈಗಾರಿಕಾ ವಿವಾದಗಳ ಕಾಯಿದೆಯ 25-ಎಫ್ ಕಲಮಿನ ಪ್ರಕಾರ, ಒಂದು ವರ್ಷ ಸತತವಾಗಿ ದುಡಿದ ಕೆಲಸಗಾರನನ್ನು ಕಡಿಮೆ ಮಾಡುವುದಾದರೆ ಕಾರಣವನ್ನು ಬರೆದು ಒಂದು ತಿಂಗಳ ನೋಟೀಸು ಕೊಡಬೇಕು, ಇಲ್ಲವೆ ಆ ತಿಂಗಳ ಸಂಬಳ ಕೊಡಬೇಕು. ಅದರ ಮೇಲೆ ಪ್ರತಿ ವರ್ಷದ ಸೇವೆಗೆ 15 ದಿನಗಳ ಸಂಬಳವನ್ನು ಪರಿಹಾರವಾಗಿ ಕೊಡಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಯೂ ಈ ನೋಟೀಸು ಉಳಿದಿದೆ. ತಪ್ಪಿಗೆ ಶಿಕ್ಷೆಯಾಗಿ ತೆಗೆಯುವುದಾದರೆ ನೋಟೀಸಿನ ಬದಲು ವಿಚಾರಣೆ ನಡೆಯಬೇಕು. ಶಿಕ್ಷೆಯಾದರೆ ವಿಚಾರಣೆ, ಶಿಕ್ಷೆಯಲ್ಲದಿದ್ದರೆ ನೋಟೀಸು. ಎರಡರಲ್ಲಿ ಯಾವುದಾದರೂ ಒಂದು ಕಾಗದ ಅಣ್ಣನ ಕೈಗೆ ಬರಬೇಕಾಗಿತ್ತಲ್ಲವೆ?

ಆದರೆ 1984ರ ತಿದ್ದುಪಡಿಯಲ್ಲಿ ಒಂದು ಹಿಂಬಾಗಿಲನ್ನು ತೆರೆದಿಟ್ಟರು. ಕರಾರಿನ ಅವಧಿ ಮುಗಿದು ಅದನ್ನು ನವೀಕರಿಸದಿದ್ದರೆ ಅದು ಕೆಲಸದಿಂದ ತೆಗೆದಂತೆ ಆಗುವುದಿಲ್ಲವಂತೆ! ಹೊಸ ಸಂಹಿತೆಯಲ್ಲಿಯೂ ಆ ಬಾಗಿಲು ಮುಚ್ಚಿಲ್ಲ. ಏಜೆನ್ಸಿಯವರು ಈಗ ಹೇಳುತ್ತಿರುವುದೂ ಇದನ್ನೇ. ಆ ಕರಾರು ಯಾವಾಗ ಆರಂಭವಾಯಿತು, ಯಾವಾಗ ಮುಗಿಯಿತು ಎಂಬುದನ್ನು ಅಣ್ಣ ಒಮ್ಮೆಯೂ ಕಣ್ಣಿಂದ ಕಂಡವನಲ್ಲ.

ಸರ್ವೋಚ್ಚ ನ್ಯಾಯಾಲಯದ ಮುಂದೆ ಇಂಥ ಪ್ರಶ್ನೆ ಹೋದುದುಂಟು. 2006ರ ಏಪ್ರಿಲ್ 10ರ ಉಮಾದೇವಿ ತೀರ್ಪು ನಮ್ಮ ಕರ್ನಾಟಕದ ಮೊಕದ್ದಮೆಯೇ. ಸರಿಯಾದ ನೇಮಕಾತಿಯಿಲ್ಲದೆ ಬಂದ ತಾತ್ಕಾಲಿಕ ನೌಕರರಿಗೆ ಖಾಯಂ ಆಗುವ ಹಕ್ಕಿಲ್ಲವೆಂದು ಐವರು ನ್ಯಾಯಾಧೀಶರು ಹೇಳಿದರು. ಅಂದಿನಿಂದ ಎಷ್ಟೋ ಕಛೇರಿಗಳು ಈ ತೀರ್ಪನ್ನು ಗುರಾಣಿಯಂತೆ ಹಿಡಿದವು. ಕೇಂದ್ರ ಜಲ ಆಯೋಗದಲ್ಲಿ ಹತ್ತು ವರ್ಷಕ್ಕೂ ಮೇಲ್ಪಟ್ಟು ಕಸ ಗುಡಿಸಿ, ತೋಟ ನೋಡಿಕೊಂಡಿದ್ದ ಕೆಲವರನ್ನು 2018ರ ಅಕ್ಟೋಬರ್ 27ರಂದು ಯಾವ ನೋಟೀಸೂ ಇಲ್ಲದೆ ತೆಗೆದುಹಾಕಲಾಯಿತು. ಉಮಾದೇವಿ ತೀರ್ಪನ್ನು ಹೀಗೆ ಬಳಸಕೂಡದೆಂದು ಹೇಳಿ, 2024ರ ಡಿಸೆಂಬರ್ 20ರಂದು ಅದೇ ನ್ಯಾಯಾಲಯ ಅವರನ್ನು ಮರಳಿ ಕೆಲಸಕ್ಕೆ ಸೇರಿಸಿ ಖಾಯಂ ಮಾಡಲು ಆಜ್ಞಾಪಿಸಿತು. ಸಂತೋಷ. ಆದರೆ ನಡುವೆ ಆರು ವರ್ಷ ಕಳೆದವು. ಆ ದಿನಗಳ ಸಂಬಳ ಅವರಿಗೆ ದೊರೆಯಲಿಲ್ಲ. ಬಾಡಿಗೆ ಕೋಣೆಯಲ್ಲಿರುವವನು ಆರು ವರ್ಷ ಕಾಯುವುದು ಹೇಗೆ?

ಇದು ಅಣ್ಣನೊಬ್ಬನ ಮಾತಾಗಿದ್ದರೆ ಈ ಪುಟಗಳನ್ನು ಬಳಸಿಕೊಳ್ಳುತ್ತಿರಲಿಲ್ಲ. ಸರಕಾರಿ ಪದವಿ ಕಾಲೇಜುಗಳಲ್ಲಿ ನಮಗೆ ಪಾಠ ಹೇಳುವ ಗುರುಗಳಲ್ಲಿ ಎಷ್ಟೋ ಮಂದಿ ‘ಅತಿಥಿ ಉಪನ್ಯಾಸಕರು’. ಈ ಹೆಸರನ್ನಿಟ್ಟವರು ಯಾರೋ ತಿಳಿಯದು. ನಮ್ಮ ಕಡೆ ಅತಿಥಿಯನ್ನು ಉಂಡು ಹೋಗೆನ್ನುತ್ತಾರೆ. ಇಲ್ಲಿ ವರ್ಷ ವರ್ಷವೂ ಹೊಸದಾಗಿ ಅರ್ಜಿ ಹಾಕೆನ್ನುತ್ತಾರೆ. 2022ರ ಜನವರಿಯಲ್ಲಿ ಅವರ ಗೌರವಧನ ಏರಿತು, ಹೆಚ್ಚೆಂದರೆ 32 ಸಾವಿರದವರೆಗೆ. ಅದರೊಡನೆ ಒಬ್ಬೊಬ್ಬರಿಗೆ ವಾರಕ್ಕೆ 15 ಗಂಟೆಗಳ ಪಾಠ ವಹಿಸಿದುದರಿಂದ, ಇಬ್ಬರು ಮಾಡುತ್ತಿದ್ದ ಕೆಲಸ ಒಬ್ಬರಿಗಾಗಿ ಅನೇಕರು ಹೊರಗುಳಿದರು. 2024ರ ಜನವರಿಯಲ್ಲಿ ಅವರು ಸೇವಾಭದ್ರತೆ ಕೇಳಿ ತುಮಕೂರಿನಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೊರಟರು. ಸಂವಿಧಾನ ಪಾಠ ಹೇಳಿದವರು ರಸ್ತೆಯಲ್ಲಿ ನಡೆದರು. ನಾವು ನೋಟ್ಸು ಸಿಗಲಿಲ್ಲವೆಂದು ಗೊಣಗಿಕೊಂಡೆವು. ನಾನೂ ಗೊಣಗಿದವಳೇ.

‘ನಿಮ್ಮ ಅಣ್ಣನ ಭಾಷೆ ಒರಟಾಗಿತ್ತು, ಶಿಸ್ತು ಬೇಡವೆ?’ ಎಂದು ಒಬ್ಬ ಹಿರಿಯರು ನನ್ನನ್ನು ಕೇಳಿದರು. ಒರಟಾಗಿತ್ತು, ಒಪ್ಪುತ್ತೇನೆ, ಆ ಒರಟುತನ ನನ್ನದು. ಆದರೆ ಒರಟು ಪತ್ರಕ್ಕೆ ಎಚ್ಚರಿಕೆಯ ಪತ್ರವೆಂಬುದೊಂದಿದೆ. ಬರೆದು ಕೇಳಿದವನಿಗೆ ಬರೆದೇ ಉತ್ತರಿಸುವ ಕಷ್ಟವನ್ನಾದರೂ ದೊಡ್ಡವರು ತೆಗೆದುಕೊಳ್ಳಬೇಡವೆ? ನಾನು ಖಾಯಂ ನೌಕರಿಯನ್ನು ಕೇಳುತ್ತಿಲ್ಲ. ಯಾರನ್ನು ತೆಗೆಯುವಾಗಲೂ ಕಛೇರಿಯಾಗಲಿ ಏಜೆನ್ಸಿಯಾಗಲಿ ಯಾರಾದರೊಬ್ಬರು ಕಾರಣ ಬರೆದು ಕೆಳಗೆ ತಮ್ಮ ರುಜು ಹಾಕಲಿ. ರುಜು ಹಾಕಬೇಕಾಗಿ ಬಂದರೆ ಎಷ್ಟೋ ಕಾರಣಗಳು ಹಾಕುವವರಿಗೇ ನಾಚಿಕೆ ತಂದಾವು. ಇನ್ನೆರಡು ತಿಂಗಳಲ್ಲಿ ನಾವು ಪದವಿ ಪಡೆದು ಹೊರಬೀಳುತ್ತೇವೆ. ನಮಗಾಗಿ ಕಾದಿರುವ ಕೆಲಸಗಳಲ್ಲಿ ಹೆಚ್ಚಿನವು ಅಣ್ಣನ ಕೆಲಸದಂಥವೇ.

ಕಳೆದ ತಿಂಗಳು ಮತ್ತೊಂದು ಪತ್ರ ಬರೆದೆನು, ಬೀದರಿನ ಕಾರ್ಮಿಕ ಇಲಾಖೆಗೆ. ಈ ಸಲ ಕನ್ನಡದಲ್ಲಿ. ರಾಜ್ಯಶಾಸ್ತ್ರದ ಗುರುಗಳಿಂದ ತಿದ್ದಿಸಿಕೊಂಡು. ಅವರೂ ಅತಿಥಿಗಳೇ. ಅಣ್ಣನೂ ನಾನೂ ಕೂಡಿ ಹೋಗಿ ಪತ್ರವನ್ನು ಕೈಯಾರೆ ಕೊಟ್ಟು, ಪ್ರತಿಯ ಮೇಲೆ ದಿನಾಂಕದ ಮೊಹರು ಹಾಕಿಸಿಕೊಂಡೆವು. ಆ ಪ್ರತಿಯನ್ನು ಅವನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ತನ್ನ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯ ಜೊತೆಗೆ ಟ್ರಂಕಿನಲ್ಲಿ ಇಟ್ಟಿದ್ದಾನೆ.