ಬಿಸ್ಕತ್ತು ಸಿಕ್ಕಿತು, ಜಾಮೀನು ಎಲ್ಲಿ?

ತಿಹಾರ್ ಜೈಲಿನ ಬಗ್ಗೆ ಒಳ್ಳೆಯ ಸುದ್ದಿ ಬರೆಯುವುದು ಸುಲಭ. ಅಲ್ಲಿ ಕೈದಿಗಳು ಬ್ರೆಡ್ಡು, ಬಿಸ್ಕತ್ತು ಮಾಡುತ್ತಾರೆ. ಸಾಸಿವೆ ಎಣ್ಣೆ ತೆಗೆಯುತ್ತಾರೆ. ಶಾಲೆಗಳಿಗೆ ಡೆಸ್ಕು ಮಾಡಿಕೊಡುತ್ತಾರೆ. ಇವೆಲ್ಲ ‘ಟಿಜೆಸ್’ ಎಂಬ ಹೆಸರಿನಲ್ಲಿ ಹೊರಗೆ ಮಾರಾಟವಾಗುತ್ತವೆ. 2014ರಲ್ಲಿ ದೆಹಲಿಯ ಜೈಲ್ ರೋಡಿನಲ್ಲಿ ಕೈದಿಗಳೇ ಬಡಿಸುವ ಹೋಟೆಲೂ ಶುರುವಾಯಿತು. ಕಳ್ಳನೊಬ್ಬ ಅಡುಗೆಯವನಾದ, ದೇಶ ಬದಲಾಗುತ್ತಿದೆ ಎಂದು ಓದುಗರು ನೆಮ್ಮದಿಯಿಂದ ಪುಟ ತಿರುವುತ್ತಾರೆ.

ಈ ಕಥೆಯ ತಪ್ಪು ಅದರ ಮೊದಲ ಪದದಲ್ಲೇ ಇದೆ. ಅವನು ಕಳ್ಳ ಎಂದು ತೀರ್ಮಾನಿಸಿದವರು ಯಾರು?

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಕೊಟ್ಟ ಲೆಕ್ಕದ ಪ್ರಕಾರ, 2022ರ ಕೊನೆಗೆ ದೇಶದ ಜೈಲುಗಳಲ್ಲಿ ಇದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ಮೇಲಿನ ಆರೋಪ ಇನ್ನೂ ಸಾಬೀತಾಗಿಲ್ಲ. ದೆಹಲಿಯಲ್ಲಿ ಈ ಪಾಲು ಹೆಚ್ಚುಕಡಿಮೆ ಹತ್ತಕ್ಕೆ ಒಂಬತ್ತು. ಅಲ್ಲಿನ ಜೈಲುಗಳಲ್ಲಿ ಸುಮಾರು 10,000 ಜನರ ಜಾಗದಲ್ಲಿ 18,000ಕ್ಕೂ ಹೆಚ್ಚು ಜನರನ್ನು ತುಂಬಲಾಗಿತ್ತು.

ಹಾಗಾದರೆ ಜೈಲು ಸುಧಾರಿಸುತ್ತಿರುವುದು ಯಾರನ್ನು? ಸುಧಾರಣೆ ಎಂಬ ಮಾತಿಗೆ ಮೊದಲು ತಪ್ಪು ಸಾಬೀತಾಗಬೇಕು. ತೀರ್ಪೇ ಬಾರದವನಿಗೆ ‘ಒಳ್ಳೆಯವನಾಗಿ ಹೊರಗೆ ಹೋಗು’ ಎಂದು ಹೇಳುವುದು ಉಪಕಾರದಂತೆ ಕೇಳಿಸುವ ಅವಮಾನ.

ಒಳಗೆ ನಡೆದ ಒಳ್ಳೆಯ ಕೆಲಸವನ್ನು ಅಲ್ಲಗಳೆಯಬೇಕಿಲ್ಲ. 1993ರ ಮೇ ತಿಂಗಳಲ್ಲಿ ಕಿರಣ್ ಬೇಡಿ ತಿಹಾರಿನ ಹೊಣೆ ಹೊತ್ತಾಗ ಅದು ಹೆಸರು ಕೆಟ್ಟ ಜೈಲು. ಕೈದಿಗಳ ದೂರು ನೇರವಾಗಿ ಮೇಲಧಿಕಾರಿಗೆ ತಲುಪುವ ಪೆಟ್ಟಿಗೆ ಬಂತು, ಓದು ಬಂತು, ವಿಪಶ್ಯನ ಬಂತು. 1994ರ ಏಪ್ರಿಲಿನಲ್ಲಿ ಸುಮಾರು ಸಾವಿರ ಕೈದಿಗಳು ಒಟ್ಟಿಗೆ ಧ್ಯಾನಕ್ಕೆ ಕುಳಿತರು. ಅದೇ ವರ್ಷ ಬೇಡಿಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂತು. ಹೊಡೆತದ ಜಾಗದಲ್ಲಿ ಮಾತು ಬಂದರೆ ಅದು ಸಣ್ಣ ಬದಲಾವಣೆಯಲ್ಲ. ಆದರೆ ಆಗಲೂ ತಿಹಾರಿನ ಬಹುಪಾಲು ಮಂದಿ ವಿಚಾರಣಾಧೀನರೇ ಆಗಿದ್ದರು; ಮೂವತ್ತು ವರ್ಷ ಕಳೆದರೂ ಹಾಗೇ ಇದ್ದಾರೆ. ಧ್ಯಾನ ಕಲಿಸಲು ಗೊತ್ತಾದ ವ್ಯವಸ್ಥೆಗೆ ಮನೆಗೆ ಕಳಿಸಲು ಗೊತ್ತಾಗಲಿಲ್ಲ.

ಇವರು ಒಳಗೇ ಉಳಿಯುವುದು ಯಾಕೆ? ಎಲ್ಲರಿಗೂ ಜಾಮೀನು ನಿರಾಕರಿಸಿದ್ದಾರೆ ಎಂದಲ್ಲ. ಜಾಮೀನು ಸಿಕ್ಕಿಯೂ ಹೊರಗೆ ಬರಲಾಗದವರಿದ್ದಾರೆ. ಮುಚ್ಚಳಿಕೆಯ ಮೊತ್ತಕ್ಕೆ ಹಣವಿಲ್ಲ, ಶ್ಯೂರಿಟಿ ನಿಲ್ಲುವವರಿಲ್ಲ. ಇದು ಹೊರನಾಡಿನ ಕನ್ನಡಿಗರಿಗೆ ಚೆನ್ನಾಗಿ ಅರ್ಥವಾಗಬೇಕಾದ ಸಂಗತಿ. 1978ರ ಮೋತಿರಾಮ್ ಪ್ರಕರಣದಲ್ಲಿ ಮಧ್ಯಪ್ರದೇಶದ ಬಡ ಗಾರೆಯವನೊಬ್ಬನಿಗೆ ಸುಪ್ರೀಂ ಕೋರ್ಟೇ ಬಿಡುಗಡೆಯ ಆದೇಶ ಕೊಟ್ಟಿತ್ತು. ಕೆಳಗಿನ ಮ್ಯಾಜಿಸ್ಟ್ರೇಟರು ಹತ್ತು ಸಾವಿರ ರೂಪಾಯಿ ಶ್ಯೂರಿಟಿ ಕೇಳಿದರು. ಅಣ್ಣತಮ್ಮ ನಿಲ್ಲಲು ಬಂದರೆ, ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಒಪ್ಪಲಿಲ್ಲ. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಆ ಮೊತ್ತವನ್ನು ಒಂದು ಸಾವಿರಕ್ಕೆ ಇಳಿಸಿದ್ದಲ್ಲದೆ ಒಂದು ಪ್ರಶ್ನೆಯನ್ನೂ ಎತ್ತಿದರು: ಒಬ್ಬ ಮಲಯಾಳಿಯೋ, ಕನ್ನಡಿಗನೋ ಬಸ್ತಾರಿನಲ್ಲೋ ಚಾಂದನಿ ಚೌಕದಲ್ಲೋ ಬಂಧನವಾದರೆ ಅವನು ಆ ಊರಿನಲ್ಲಿ ಆಸ್ತಿಯಿರುವ ಶ್ಯೂರಿಟಿಯನ್ನು ಎಲ್ಲಿಂದ ತರಬೇಕು?

ಆ ಪ್ರಶ್ನೆಗೆ ಇನ್ನೂ ಸರಿಯಾದ ಉತ್ತರ ಸಿಕ್ಕಿಲ್ಲ. ಮುಂಬೈಯಲ್ಲಿ ಕಟ್ಟಡ ಕೆಲಸಕ್ಕೆ ಹೋದ ಕಲಬುರಗಿಯವನಿಗೆ ಊರಲ್ಲಿ ಎರಡೆಕರೆ ಇರಬಹುದು. ಪಹಣಿ ಕನ್ನಡದಲ್ಲಿರುತ್ತದೆ, ಅದನ್ನು ಹಿಡಿದು ಬರುವ ಅಣ್ಣನಿಗೆ ಮೂರು ದಿನದ ಕೂಲಿ ಹೋಗುತ್ತದೆ, ಬಂದರೂ ‘ಲೋಕಲ್ ಶ್ಯೂರಿಟಿ ತನ್ನಿ’ ಎಂಬ ಮಾತು ಕಾದಿರುತ್ತದೆ. ಸ್ವಂತ ಫ್ಲ್ಯಾಟು, ಸಂಬಳದ ಚೀಟಿ ಇರುವವನು ಅದೇ ಆರೋಪದ ಮೇಲೆ ಅದೇ ವಾರ ಮನೆಗೆ ಹೋಗುತ್ತಾನೆ. ಇಬ್ಬರ ನಡುವಿನ ವ್ಯತ್ಯಾಸ ಅಪರಾಧದ್ದಲ್ಲ, ವಿಳಾಸದ್ದು.

ತಡವಾಗುವುದು ಕೋರ್ಟಿನಲ್ಲಿ, ಜೈಲೇನು ಮಾಡೀತು ಎಂದು ಅಧಿಕಾರಿಗಳು ಕೈತೊಳೆದುಕೊಳ್ಳುವುದುಂಟು. ಈಗ ಆ ಮಾತು ನಡೆಯದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮು ಹೇಳುವುದಿಷ್ಟು: ಆರೋಪಕ್ಕಿರುವ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲವನ್ನು, ಮೊದಲ ಸಲ ಸಿಕ್ಕಿಬಿದ್ದವನಾದರೆ ಮೂರನೇ ಒಂದರಷ್ಟನ್ನು, ಒಳಗೆ ಕಳೆದವನ ಬಿಡುಗಡೆಗೆ ಜೈಲಿನ ಸೂಪರಿಂಟೆಂಡೆಂಟರೇ ಕೋರ್ಟಿಗೆ ಅರ್ಜಿ ಹಾಕಬೇಕು. ಹಳೆಯ ಪ್ರಕರಣಗಳಿಗೂ ಇದು ಅನ್ವಯವೆಂದು ಸುಪ್ರೀಂ ಕೋರ್ಟ್ 2024ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿತು. ಅದಕ್ಕೂ ಮೊದಲು, 2023ರ ಜನವರಿಯಲ್ಲಿ, ಜಾಮೀನು ಸಿಕ್ಕಿ ಏಳು ದಿನದೊಳಗೆ ಹೊರಬರದವರ ವಿವರವನ್ನು ಸೂಪರಿಂಟೆಂಡೆಂಟರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕೆಂದೂ ಅದೇ ಕೋರ್ಟು ಹೇಳಿತ್ತು. ದಿನ ಎಣಿಸುವ ಪುಸ್ತಕ ಜೈಲಿನ ಮೇಜಿನ ಮೇಲೇ ಇದೆ. ಎಣಿಸದಿರುವುದು ಕರ್ತವ್ಯಲೋಪ.

ಬಿಟ್ಟರೆ ಸಮಾಜದ ಗತಿಯೇನು ಎಂದು ಕೇಳುವವರೂ ಇದ್ದಾರೆ. ಮರಣದಂಡನೆ, ಜೀವಾವಧಿ ಶಿಕ್ಷೆಯ ಆರೋಪಗಳಿಗೆ, ಒಂದಕ್ಕಿಂತ ಹೆಚ್ಚು ಪ್ರಕರಣ ಇರುವವರಿಗೆ ಈ ಸೌಲಭ್ಯವಿಲ್ಲ. ಕಾನೂನು ಆ ಭಯಕ್ಕೆ ಆಗಲೇ ಜಾಗ ಮಾಡಿಕೊಟ್ಟಿದೆ. ಇಲ್ಲಿನ ಮಾತು ಸಣ್ಣ ಆರೋಪ ಹೊತ್ತು, ಕೆಲಸ ಕಳೆದುಕೊಂಡು, ಬಾಡಿಗೆ ಮನೆ ಬಿಟ್ಟು, ಮಕ್ಕಳ ಶಾಲೆ ನಿಲ್ಲಿಸಿದವರದ್ದು. ಅಂಥವನು ಕೊನೆಗೆ ಖುಲಾಸೆಯಾದರೆ? ಕಳೆದ ವರ್ಷಗಳಿಗೆ ಪರಿಹಾರ ಕೊಡಿಸುವ ಕಾನೂನು ಮಾಡಿ ಎಂದು ಕಾನೂನು ಆಯೋಗ 2018ರಲ್ಲೇ, ತನ್ನ 277ನೇ ವರದಿಯಲ್ಲಿ, ಶಿಫಾರಸು ಮಾಡಿತ್ತು. ಅಂಥ ಕಾನೂನು ಬರಲಿಲ್ಲ. ಅಪರಾಧಿಗೆ ಪುನರ್ವಸತಿಯ ಯೋಜನೆ ಉಂಟು, ನಿರಪರಾಧಿಗೆ ಬಸ್ ಚಾರ್ಜೂ ಇಲ್ಲ.

ಇಮ್ಮಡಿ ತುಂಬಿದ ಬ್ಯಾರಕಿನಲ್ಲಿ ನಿಜವಾದ ಅಪರಾಧಿಯ ಸುಧಾರಣೆಯೂ ಆಗದು. ಇರುವ ಸಿಬ್ಬಂದಿಯ ಹೊತ್ತೆಲ್ಲ ತಲೆ ಎಣಿಸಲು, ಊಟ ಹಂಚಲು, ಕೋರ್ಟಿಗೆ ಕಳಿಸಲು ಮುಗಿಯುತ್ತದೆ. ಇರಬೇಕಿಲ್ಲದವರು ಹೊರಗೆ ಹೋದರೆ ಮಾತ್ರ ಇರಲೇಬೇಕಾದವರಿಗೆ ಕಸುಬು ಕಲಿಸಲು, ಓದಿಸಲು, ಕಾಯಿಲೆ ನೋಡಲು ಕೈ ಬಿಡುವಾಗುತ್ತದೆ. ಹಾಗಾಗಿ ಜಾಮೀನು ಸುಧಾರಣೆಗೆ ವಿರುದ್ಧವಾದದ್ದಲ್ಲ, ಅದರ ಮೊದಲ ಮೆಟ್ಟಿಲು.

ಇನ್ನು ಮುಂದೆ ಯಾವ ಜೈಲಾದರೂ ತನ್ನ ಬೇಕರಿಯ ವಹಿವಾಟು ಪ್ರಕಟಿಸಿದರೆ, ಪಕ್ಕದಲ್ಲಿ ಮೂರು ಅಂಕಿ ಕೇಳಬೇಕು. ಜಾಮೀನು ಸಿಕ್ಕಿ ಏಳು ದಿನ ದಾಟಿದರೂ ಒಳಗಿರುವವರು ಎಷ್ಟು? 479ನೇ ಕಲಮಿನಡಿ ಅರ್ಹರಾದವರು ಎಷ್ಟು? ಅವರಲ್ಲಿ ಎಷ್ಟು ಮಂದಿಗೆ ಸೂಪರಿಂಟೆಂಡೆಂಟರು ಅರ್ಜಿ ಹಾಕಿದ್ದಾರೆ? ಉತ್ತರ ಬರುವ ತನಕ ಬಿಸ್ಕತ್ತನ್ನು ಹೊಗಳುವ ಕೆಲಸ ಸ್ವಲ್ಪ ಕಾಯಲಿ.