ಮುರಿದ ಕೈ ಕೂಡಿದರೆ ಸಾಲದು: ಒಂದು ವರ್ಷದ ನಂತರದ ಸ್ಥಿತಿಯೂ ದಾಖಲಾಗಬೇಕು

ಮೂಳೆ ಚಿಕಿತ್ಸೆಯ ವಿಷಯದಲ್ಲಿ ದಕ್ಷಿಣ ಬೆಂಗಳೂರಿಗೆ ಇರುವಷ್ಟು ಅನುಕೂಲ ರಾಜ್ಯದ ಬೇರೆ ಭಾಗಗಳಿಗೆ ಸುಲಭವಾಗಿ ದಕ್ಕುವುದಿಲ್ಲ. ಜನ ‘ಸಂಜಯ್ ಗಾಂಧಿ ಆಸ್ಪತ್ರೆ’ ಎಂದು ಕರೆಯುವ, ಅಪಘಾತ ಮತ್ತು ಮೂಳೆ ಚಿಕಿತ್ಸೆಗೆಂದೇ ಮೀಸಲಾದ ಸರ್ಕಾರಿ ಸಂಸ್ಥೆ ಜಯನಗರ ಪೂರ್ವದ ಬೈರಸಂದ್ರದಲ್ಲಿದೆ. 4ನೇ ‘ಟಿ’ ಬ್ಲಾಕಿನಲ್ಲಿ ಜಯನಗರ ಜನರಲ್ ಆಸ್ಪತ್ರೆಯೂ, ಸಂಯೋಜಿತ ವೈದ್ಯಕೀಯ ಕಾಲೇಜುಗಳ ಸ್ನಾತಕೋತ್ತರ ಪ್ರಬಂಧಗಳು ಬಂದು ಸೇರುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೂ ಇವೆ. ಇಷ್ಟಿದ್ದರೂ, ಇಲ್ಲಿ ಪ್ಲೇಟ್ ಹಾಕಿಸಿಕೊಂಡು ಅಥವಾ ಕಟ್ಟು ಕಟ್ಟಿಸಿಕೊಂಡು ಮನೆಗೆ ಹೋದವರ ಕೈ ಒಂದು ವರ್ಷದ ನಂತರ ಯಾವ ಕೆಲಸ ಮಾಡುತ್ತಿದೆ, ಯಾವುದನ್ನು ಮಾಡಲಾರದೆ ನಿಂತಿದೆ ಎಂಬ ಲೆಕ್ಕವನ್ನು ತಪ್ಪದೆ ಇಡುವ ವ್ಯವಸ್ಥೆ ಬೇರೂರಿಲ್ಲ. ಆ ಲೆಕ್ಕ ಚಿಕಿತ್ಸೆಯ ಭಾಗವೇ ಆಗಬೇಕು, ಅದು ಕನ್ನಡದಲ್ಲಿ ನಡೆಯಬೇಕು, ಅದಕ್ಕೆ ತಗಲುವ ಹಣವನ್ನು ಸರ್ಕಾರ ಕೊಡಬೇಕು ಎಂಬುದು ಈ ಕರಪತ್ರದ ಒತ್ತಾಯ.

ಕ್ಲಿನಿಕಲ್ ಸಂಶೋಧನೆ, ಅಂದರೆ ರೋಗಿಗಳ ಒಪ್ಪಿಗೆ ಪಡೆದು ಚಿಕಿತ್ಸೆಯ ಫಲವನ್ನು ಕ್ರಮಬದ್ಧವಾಗಿ ಅಳೆಯುವ ಅಧ್ಯಯನ, ಎಂಬ ಮಾತು ಕೇಳಿದೊಡನೆ ಬಡವರ ಮೈಮೇಲೆ ಹೊಸ ಔಷಧ ಪ್ರಯೋಗಿಸುವ ಚಿತ್ರ ಕಣ್ಣಮುಂದೆ ಬರುವುದು ಸಹಜ, ಮತ್ತು ಆ ಭಯಕ್ಕೆ ಕಾರಣಗಳೂ ಇವೆ. ಆದರೆ ಮೂಳೆ ಮತ್ತು ಕೈ ಶಸ್ತ್ರಚಿಕಿತ್ಸೆಯಲ್ಲಿ ಇಂದು ಬಹಳವಾಗಿ ಬೇಕಾಗಿರುವುದು ಹೊಸ ಪ್ರಯೋಗಕ್ಕಿಂತ, ಈಗಾಗಲೇ ಬಳಕೆಯಲ್ಲಿರುವ ಎರಡು ವಿಧಾನಗಳಲ್ಲಿ ಯಾವುದು ಯಾರಿಗೆ ಹೆಚ್ಚು ಉಪಯುಕ್ತ ಎಂಬ ಪ್ರಾಮಾಣಿಕ ಹೋಲಿಕೆ. ಸ್ಕೂಟರಿನಿಂದ ಬಿದ್ದಾಗಲೋ ಬಚ್ಚಲಲ್ಲಿ ಜಾರಿದಾಗಲೋ ಮನುಷ್ಯ ನೆಲಕ್ಕೆ ಕೈಯೂರುತ್ತಾನೆ. ಮೈಭಾರವೆಲ್ಲ ಅಂಗೈಗೆ ಬಿದ್ದು, ಮುಂಗೈಯಲ್ಲಿ ಹೆಬ್ಬೆರಳಿನ ಕಡೆ ಇರುವ ರೇಡಿಯಸ್ ಎಂಬ ಮೂಳೆ ಮಣಿಕಟ್ಟಿನ ಬಳಿ ಮುರಿಯುತ್ತದೆ. ಡಬ್ಲಿನ್ನಿನ ಶಸ್ತ್ರವೈದ್ಯ ಅಬ್ರಹಾಂ ಕಾಲಿಸ್ 1814ರಲ್ಲೇ ವಿವರಿಸಿದ ಈ ಮುರಿತಕ್ಕೆ ಶಸ್ತ್ರಚಿಕಿತ್ಸೆ ಬೇಕಾದಾಗ, ಚರ್ಮದ ಮೂಲಕ ತೆಳು ತಂತಿಗಳನ್ನು ತೂರಿಸಿ ಮೂಳೆಯನ್ನು ಹಿಡಿದಿಡಬಹುದು ಅಥವಾ ಮುಂಗೈಯನ್ನು ಕೊಯ್ದು ಸ್ಕ್ರೂ ಸಮೇತ ಪ್ಲೇಟ್ ಕೂರಿಸಬಹುದು. ಪ್ಲೇಟೇ ಮೇಲು ಎಂಬ ನಂಬಿಕೆ ಬಲವಾಗಿದ್ದ ಕಾಲದಲ್ಲಿ ಬ್ರಿಟನ್ನಿನ 18 ಆಸ್ಪತ್ರೆಗಳು 461 ವಯಸ್ಕ ರೋಗಿಗಳನ್ನು ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದ ರೀತಿಯಲ್ಲಿ, ಎರಡು ಗುಂಪು ಮಾಡಿ ಒಂದು ವರ್ಷ ಗಮನಿಸಿದವು. 2014ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಕೊಯ್ಯದೆಯೇ ಮೂಳೆಯನ್ನು ಎಳೆದು ಸ್ವಸ್ಥಾನಕ್ಕೆ ತರಲು ಸಾಧ್ಯವಿದ್ದ ಮುರಿತಗಳಲ್ಲಿ, ನೋವು ಮತ್ತು ಕೈಯ ಬಳಕೆಯ ಮಟ್ಟಿಗೆ ತಂತಿಗೂ ಪ್ಲೇಟಿಗೂ ಗಮನಾರ್ಹ ವ್ಯತ್ಯಾಸವಿರಲಿಲ್ಲ. ಖರ್ಚಿನಲ್ಲಿ ಮಾತ್ರ ತಂತಿಯೇ ಅಗ್ಗ. ಆಸ್ಪತ್ರೆಯ ಬಿಲ್ಲನ್ನು ಸಾಲ ಮಾಡಿ ಕಟ್ಟುವ ಕುಟುಂಬಕ್ಕೆ ಇಂಥ ಉತ್ತರದ ಬೆಲೆ ಎಷ್ಟೆಂದು ಬಿಡಿಸಿ ಹೇಳಬೇಕಿಲ್ಲ.

ಬ್ರಿಟನ್ನಿನ ಉತ್ತರವನ್ನು ಹಾಗೆಯೇ ತಂದು ಬನಶಂಕರಿಯ ರೋಗಿಗೆ ಹೊಂದಿಸಲು ಬರುವುದಿಲ್ಲ, ಏಕೆಂದರೆ ಅಳತೆಗೋಲೇ ಬೇರೆ. ಎಕ್ಸ್‌ರೇಯಲ್ಲಿ ಮೂಳೆ ನೇರವಾಗಿ ಕಂಡರೂ ಬೆರಳು ಮಡಚಲಾಗದವರಿದ್ದಾರೆ, ಚಿತ್ರದಲ್ಲಿ ಸೊಟ್ಟಗಿದ್ದರೂ ಎಲ್ಲ ಕೆಲಸ ಮಾಡಿಕೊಳ್ಳುವವರಿದ್ದಾರೆ. ಆದ್ದರಿಂದಲೇ ತಜ್ಞರು ರೋಗಿಯ ಬಾಯಿಂದಲೇ ಉತ್ತರ ಪಡೆಯುವ ಪ್ರಶ್ನಾವಳಿಗಳನ್ನು ರೂಪಿಸಿದರು. 1996ರಲ್ಲಿ ಉತ್ತರ ಅಮೆರಿಕದಲ್ಲಿ ಸಿದ್ಧವಾಗಿ ಜಗತ್ತಿನಾದ್ಯಂತ ಬಳಕೆಗೆ ಬಂದ ‘ಡ್ಯಾಶ್’ ಎಂಬ 30 ಪ್ರಶ್ನೆಗಳ ಪಟ್ಟಿ ಇವುಗಳಲ್ಲಿ ಪ್ರಸಿದ್ಧವಾದದ್ದು. ಬಿಗಿಯಾದ ಮುಚ್ಚಳ ತೆಗೆಯುವುದು, ಬೀಗದ ಕೈ ತಿರುಗಿಸುವುದು ಮುಂತಾದ ಪ್ರಶ್ನೆಗಳು ಎಲ್ಲ ಊರಿಗೂ ಸಲ್ಲುತ್ತವೆ. ತಟ್ಟೆಯ ಆಹಾರವನ್ನು ಚಾಕುವಿನಿಂದ ಕತ್ತರಿಸುವುದು, ಕೂದಲನ್ನು ಯಂತ್ರದಿಂದ ಒಣಗಿಸುವುದು, ಗಾಲ್ಫ್ ಆಡುವುದು ಮುಂತಾದವು ಇಲ್ಲಿನ ಬಹುಪಾಲು ಜನರಿಗೆ ಸಲ್ಲುವುದಿಲ್ಲ. ಇಲ್ಲಿನ ಕೈ ಅನ್ನ ಕಲಸಿ ತುತ್ತು ಮಾಡುತ್ತದೆ, ಅದಕ್ಕೆ ಹೆಬ್ಬೆರಳ ತುದಿ ಉಳಿದ ಬೆರಳುಗಳ ತುದಿಯನ್ನು ಮುಟ್ಟಬೇಕು. ರಾಗಿಮುದ್ದೆ ತಿರುವಲು ಕೋಲಿನ ಮೇಲೆ ಎರಡೂ ಕೈಯ ಹಿಡಿತ ಬೇಕು, ಒದ್ದೆ ಬಟ್ಟೆ ಹಿಂಡಲು ಮಣಿಕಟ್ಟು ತಿರುಚಬೇಕು, ನೆಲದಿಂದ ಏಳುವಾಗ ಹಿಂದಕ್ಕೆ ಬಾಗಿದ ಮಣಿಕಟ್ಟು ಮೈಭಾರವನ್ನೇ ಹೊರಬೇಕು. ಜಯನಗರದ ಮಾರುಕಟ್ಟೆಯ ಬಳಿ ಮಲ್ಲಿಗೆ ಕಟ್ಟುವ ಹೆಂಗಸಿಗೆ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ದಾರ ಜಾರದಂತೆ ಹಿಡಿಯಲು ಬಂದರೆ ಮಾತ್ರ ಆ ದಿನದ ದುಡಿಮೆ. ಬಿಟಿಎಂ ಬಡಾವಣೆಯ ಆಚೆ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವರಿಗೆ ಸೂಜಿಯ ಕೆಳಗೆ ಬಟ್ಟೆ ತಳ್ಳುವ ವೇಗವೇ ಸಂಬಳ. ಈ ಕೆಲಸಗಳ ಬಗ್ಗೆ ಕೇಳದ ಪ್ರಶ್ನಾವಳಿಯಲ್ಲಿ ಒಳ್ಳೆಯ ಅಂಕ ಬಂದರೂ ಆ ಅಂಕಕ್ಕೆ ಅರ್ಥ ಕಡಿಮೆ. ಪದಕ್ಕೆ ಪದ ಇಟ್ಟ ಅನುವಾದವೂ ಸಾಲದು. ಇಲ್ಲಿನ ರೋಗಿಗಳ ಮುಂದಿಟ್ಟು, ಅವರು ಅರ್ಥಮಾಡಿಕೊಂಡದ್ದೇನು ಎಂದು ಪರೀಕ್ಷಿಸಿ, ಬೇಕಾದ ಪ್ರಶ್ನೆಗಳನ್ನು ಸೇರಿಸಿ ಸಿದ್ಧಪಡಿಸಿದ ಕನ್ನಡದ ಪಟ್ಟಿಯೊಂದು ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಬಳಕೆಗೆ ಬರಬೇಕು.

ಇದು ನಮ್ಮ ನೆಲದಲ್ಲಿ ಆಗದ ಕೆಲಸವೇನಲ್ಲ. ಕೊಯಮತ್ತೂರಿನ ಗಂಗಾ ಆಸ್ಪತ್ರೆಯ ವೈದ್ಯರು, ಚರ್ಮ ಹರಿದು ಮೂಳೆ ಹೊರಗೆ ಕಾಣುವ ತೀವ್ರ ಕಾಲು ಮುರಿತಗಳಲ್ಲಿ ಕಾಲನ್ನು ಉಳಿಸಬೇಕೇ ತೆಗೆಯಬೇಕೇ ಎಂದು ನಿರ್ಧರಿಸಲು ಹಿಂದಿನ ವಿದೇಶಿ ಅಂಕಪಟ್ಟಿ ಸಾಲದೆಂದು ಕಂಡು, 109 ರೋಗಿಗಳನ್ನು ಗಮನಿಸಿ ತಮ್ಮದೇ ಅಂಕಪಟ್ಟಿಯನ್ನು 2006ರಲ್ಲಿ ಪ್ರಕಟಿಸಿದರು. ಅದು ಇಂದು ಹೊರದೇಶಗಳ ಪಠ್ಯಗಳಲ್ಲೂ ಚರ್ಚೆಯಾಗುತ್ತಿದೆ. ನೂರಾರು ಹಾಸಿಗೆಗಳ ಆಸ್ಪತ್ರೆಗಳಿರುವ ಬೆಂಗಳೂರಿಗೆ ರೋಗಿಗಳ ಕೊರತೆಯಿಲ್ಲ. ಕೊರತೆ ಇರುವುದು ಅವರನ್ನು ಮರೆಯದಿರುವ ಏರ್ಪಾಟಿನದು.

ಆ ಮರೆವಿನ ಬೆಲೆಯನ್ನು ದೇಶ ಒಮ್ಮೆ ತೆತ್ತಿದೆ. ಡೀಪ್ಯೂ ಕಂಪನಿಯ ಎಎಸ್‌ಆರ್ ಎಂಬ ಲೋಹದ ಸೊಂಟದ ಕೀಲು ನಿರೀಕ್ಷೆಗಿಂತ ಬೇಗ ಹಾಳಾಗುತ್ತಿದೆ ಎಂದು ತಿಳಿದು 2010ರಲ್ಲಿ ಅದನ್ನು ಜಗತ್ತಿನಾದ್ಯಂತ ಹಿಂಪಡೆಯಲಾಯಿತು. ಭಾರತದಲ್ಲಿ ಸುಮಾರು 4,700 ಶಸ್ತ್ರಚಿಕಿತ್ಸೆಗಳಲ್ಲಿ ಅದನ್ನು ಅಳವಡಿಸಲಾಗಿತ್ತು. ವರ್ಷಗಳ ನಂತರವೂ ಪತ್ತೆಯಾದ ರೋಗಿಗಳು ಸಾವಿರದ ಆಸುಪಾಸು ಮಾತ್ರ. ಸ್ವೀಡನ್ ಮಂಡಿಯ ಕೃತಕ ಕೀಲುಗಳಿಗೆ 1975ರಿಂದಲೂ ಸೊಂಟದ ಕೀಲುಗಳಿಗೆ 1979ರಿಂದಲೂ ರಾಷ್ಟ್ರೀಯ ದಾಖಲೆ ಇಟ್ಟುಕೊಂಡು ಬಂದಿದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಇಲ್ಲಿನ ಅಡ್ಡಿಗಳು ವೈದ್ಯರ ಉದಾಸೀನದಿಂದ ಹುಟ್ಟಿದವಲ್ಲ. ಮೂಳೆ ಶಸ್ತ್ರಚಿಕಿತ್ಸೆಯ ಎಂ.ಎಸ್. ಮೂರು ವರ್ಷದ ವ್ಯಾಸಂಗ. ಮೊದಲ ವರ್ಷ ವಿಷಯ ನಿಗದಿಯಾಗಿ, ಅಂತಿಮ ಪರೀಕ್ಷೆಗೆ ತಿಂಗಳುಗಳ ಮುಂಚೆಯೇ ಪ್ರಬಂಧ ಸಲ್ಲಿಕೆಯಾಗಬೇಕಾದ್ದರಿಂದ, ಕೊನೆಯಲ್ಲಿ ಸೇರಿದ ರೋಗಿಗಳನ್ನು ಪೂರ್ತಿ ಒಂದು ವರ್ಷ ಗಮನಿಸಲು ವಿದ್ಯಾರ್ಥಿಗೆ ಸಮಯವೇ ಉಳಿಯುವುದಿಲ್ಲ. ಹಿಂದಿನ ವಿದ್ಯಾರ್ಥಿಯ ರೋಗಿಗಳನ್ನು ಮುಂದಿನ ವಿದ್ಯಾರ್ಥಿ ವಹಿಸಿಕೊಳ್ಳುವಂತೆ ವಿಶ್ವವಿದ್ಯಾಲಯ ನಿಯಮ ಮಾಡಿದರೆ ಈ ತೊಡಕು ದೊಡ್ಡ ಖರ್ಚಿಲ್ಲದೆ ನೀಗುತ್ತದೆ. ರೋಗಿಯ ಕಡೆಯ ಕಷ್ಟ ಬೇರೆ. ಕನಕಪುರದಿಂದಲೋ ಮಂಡ್ಯದಿಂದಲೋ ಬರುವ ಕೂಲಿಕಾರನಿಗೆ ಫಾಲೋಅಪ್ ಎಂದರೆ ಒಂದು ದಿನದ ಕೂಲಿ, ಬಸ್ ಚಾರ್ಜು ಮತ್ತು ಹೊರರೋಗಿ ವಿಭಾಗದ ಉದ್ದನೆಯ ಸಾಲು. ನೋವು ಕಡಿಮೆಯಾದವನು ಬರುವುದಿಲ್ಲ, ನೋವು ಹೆಚ್ಚಾದವನು ಬೇರೆ ಕಡೆ ಹೋಗುತ್ತಾನೆ, ಹೀಗಾಗಿ ಮರಳಿ ಬಂದವರನ್ನಷ್ಟೇ ಎಣಿಸಿದ ಲೆಕ್ಕ ಸತ್ಯವನ್ನು ಹೇಳುವುದಿಲ್ಲ. ಆ ‘ಬೇರೆ ಕಡೆ’ ಎಷ್ಟೋ ಸಲ ನಗರದ ಬೀದಿಬೀದಿಯಲ್ಲಿ ಬೋರ್ಡು ಹಾಕಿರುವ, ಮುರಿದ ಮೂಳೆಗೆ ನಾಟಿ ಕಟ್ಟು ಕಟ್ಟುವ ‘ಪುತ್ತೂರು ಕಟ್ಟಿನ’ ಅಂಗಡಿಯಾಗಿರುತ್ತದೆ. ಅದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವವರೂ, ಕೈಗುಣವೆಂದು ಹೊಗಳುವವರೂ ಒಂದು ವರ್ಷದ ನಂತರದ ಕೈಯನ್ನು ನೋಡಿ ಮಾತನಾಡುವುದಿಲ್ಲವಾದ್ದರಿಂದ, ಅಲ್ಲಿಗೂ ಇದೇ ಅಳತೆ ಅನ್ವಯವಾಗಬೇಕು.

ಅಧ್ಯಯನಕ್ಕೆ ಸೇರುವವರ ಹಕ್ಕುಗಳಲ್ಲಿ ರಿಯಾಯಿತಿ ಸಲ್ಲದು. ಭಾರತದಲ್ಲಿ ಔಷಧ ಪ್ರಯೋಗಗಳನ್ನು ಸಾರ್ವಜನಿಕ ನೋಂದಣಿ ಪಟ್ಟಿಯಾದ ಸಿಟಿಆರ್‌ಐನಲ್ಲಿ ದಾಖಲಿಸುವುದು 2009ರಿಂದ ಕಡ್ಡಾಯ. 2019ರ ನಿಯಮಗಳ ಪ್ರಕಾರ, ಸಂಶೋಧನೆಗೆ ಅನುಮತಿ ಕೊಡುವ ನೈತಿಕ ಸಮಿತಿಯಲ್ಲಿ ಕನಿಷ್ಠ ಏಳು ಸದಸ್ಯರಿರಬೇಕು, ಅವರಲ್ಲಿ ಅರ್ಧದಷ್ಟು ಮಂದಿ ಆ ಸಂಸ್ಥೆಗೆ ಸೇರದವರಾಗಿರಬೇಕು, ವೈದ್ಯರಲ್ಲದ ಸಾಮಾನ್ಯ ನಾಗರಿಕರೊಬ್ಬರೂ ಇರಬೇಕು. ಆ ಸ್ಥಾನಕ್ಕೆ ಜಯನಗರ, ಜೆ.ಪಿ. ನಗರಗಳ ನಿವೃತ್ತ ಶಿಕ್ಷಕರು, ಕಾರ್ಮಿಕ ಸಂಘಟನೆಯವರು ಮುಂದೆ ಬಂದು, ಒಪ್ಪಿಗೆ ಪತ್ರದ ಕನ್ನಡ ಓದಿದರೆ ಅರ್ಥವಾಗುವಂತಿದೆಯೇ ಎಂದು ಪಟ್ಟು ಹಿಡಿದು ಕೇಳಬೇಕು. ಒಲ್ಲೆ ಎಂದವರಿಗೂ, ಮಧ್ಯದಲ್ಲೇ ಬಿಟ್ಟವರಿಗೂ ಚಿಕಿತ್ಸೆಯಲ್ಲಿ ಯಾವ ವ್ಯತ್ಯಾಸವೂ ಆಗದು ಎಂಬ ಮಾತು ಆ ಪತ್ರದ ಮೊದಲ ಪುಟದಲ್ಲೇ ಇರಬೇಕು.

ಸರ್ಕಾರದಿಂದ ಬೇಕಾಗಿರುವುದು ದೊಡ್ಡ ಕಟ್ಟಡವಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ರೋಗಿಯ ಫೋನ್ ಸಂಖ್ಯೆಯ ಜೊತೆಗೆ ಮನೆಯವರೊಬ್ಬರ ಸಂಖ್ಯೆಯೂ ದಾಖಲಾಗಲಿ, ಮೂರು, ಆರು ಮತ್ತು ಹನ್ನೆರಡನೆಯ ತಿಂಗಳಲ್ಲಿ ಕನ್ನಡ ಬಲ್ಲ ಸಿಬ್ಬಂದಿಯೊಬ್ಬರು ಕರೆ ಮಾಡಿ ಪ್ರಶ್ನೆಗಳನ್ನು ಕೇಳಲಿ, ತಮಿಳು, ತೆಲುಗು, ಉರ್ದು ಮಾತನಾಡುವವರಿಗೆ ಆಯಾ ಭಾಷೆಯಲ್ಲೂ ಆ ಸೌಕರ್ಯವಿರಲಿ, ಕೈ ಪರೀಕ್ಷೆ ಬೇಕಾದವರು ತಮ್ಮ ಬಡಾವಣೆಯ ಸರ್ಕಾರಿ ‘ನಮ್ಮ ಕ್ಲಿನಿಕ್’ನಲ್ಲೋ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ತೋರಿಸಿಕೊಳ್ಳುವಂತಾಗಲಿ, ಆಸ್ಪತ್ರೆಗೇ ಬರಬೇಕಾದವರಿಗೆ ಬಸ್ ಚಾರ್ಜು ಮತ್ತು ಆ ದಿನದ ಕೂಲಿ ಸಿಗಲಿ. ಇದಕ್ಕೆ ಬೇಕಾದ ಹಣವನ್ನು ಮುಂದಿನ ಆಯವ್ಯಯದಲ್ಲಿ ಪ್ರತ್ಯೇಕ ಶೀರ್ಷಿಕೆಯಡಿ ಇಡುವಂತೆ ಪ್ರತಿ ಬಡಾವಣೆಯ ನಿವಾಸಿಗಳ ಸಂಘವೂ ತನ್ನ ಶಾಸಕರಿಗೆ ಲಿಖಿತ ಮನವಿ ಕೊಡಬೇಕು, ಮತ್ತು ಆ ಮನವಿಯ ಸ್ವೀಕೃತಿಯನ್ನು ಪಡೆದುಕೊಳ್ಳಬೇಕು.