ಕೊಲೊನೋಸ್ಕೋಪಿಗೆ ಹೋಗುವ ಮೊದಲು

ಮಲದಲ್ಲಿ ರಕ್ತ ಕಂಡರೆ ನಮ್ಮವರು ಹೆಚ್ಚಾಗಿ ಹೇಳುವ ಮಾತು ಒಂದೇ: "ಮೂಲವ್ಯಾಧಿ ಇರ್ಬೇಕು, ಊರಿಗೆ ಹೋದಾಗ ನೋಡುವ." ರಜೆಗೆ ಇನ್ನೂ 14 ತಿಂಗಳು ಇರ್ತದೆ! ರೂಮಿನಲ್ಲಿ ಹೇಳ್ಲಿಕ್ಕೆ ನಾಚಿಕೆ, ಮನೆಗೆ ಫೋನಿನಲ್ಲಿ ಹೇಳಿದರೆ ಅವರಿಗೆ ಗಾಬರಿ. ಡಾಕ್ಟರು ಕೊಲೊನೋಸ್ಕೋಪಿ ಬರೆದುಕೊಟ್ಟರೂ ಆ ಚೀಟಿ ದಿಂಬಿನಡಿಯಲ್ಲೇ ಉಳಿಯುತ್ತದೆ.

ಮೂಲವ್ಯಾಧಿಯೇ ಆಗಿರಲೂಬಹುದು. ಆದರೆ ಒಳಗೆ ನೋಡದೆ ಹಾಗೆಂದು ನಿರ್ಧರಿಸಲಾಗದು. ದೊಡ್ಡ ಕರುಳಿನ ಒಳಗೋಡೆಯಲ್ಲಿ ಪಾಲಿಪ್ ಎಂಬ ಸಣ್ಣ ಗಂಟುಗಳು ಬೆಳೆಯುವುದುಂಟು. ಎಲ್ಲವೂ ಕ್ಯಾನ್ಸರ್ ಆಗುವುದಿಲ್ಲ. ಆಗುವಂಥದ್ದಕ್ಕೂ ಸಾಮಾನ್ಯವಾಗಿ ಹಲವು ವರ್ಷ ಬೇಕು. ಕ್ಯಾಮೆರಾ ಇರುವ ಬಾಗುವ ಕೊಳವೆಯನ್ನು ಹಿಂದಿನಿಂದ ಒಳಬಿಟ್ಟು ನೋಡುವ ಈ ಪರೀಕ್ಷೆಯಲ್ಲಿ ಪಾಲಿಪ್ ಸಿಕ್ಕಿದರೆ ಹೆಚ್ಚಾಗಿ ಅಲ್ಲೇ ತೆಗೆದುಬಿಡುತ್ತಾರೆ. ಅಮೆರಿಕದ ತಜ್ಞರ ಸಮಿತಿ 2021ರಲ್ಲಿ, ಯಾವ ತೊಂದರೆ ಇಲ್ಲದವರೂ 50ರ ಬದಲು 45ಕ್ಕೇ ಕರುಳಿನ ತಪಾಸಣೆ ಶುರು ಮಾಡಬೇಕೆಂದಿತು. ರಕ್ತ ಕಂಡವರಿಗೆ ಈ ವಯಸ್ಸಿನ ಲೆಕ್ಕವೇ ಇಲ್ಲ.

ಪರೀಕ್ಷೆಗೆ ಹೆದರಬೇಕಾಗಿಲ್ಲ. ಮಂಪರಿನ ಇಂಜೆಕ್ಷನ್ ಕೊಡ್ತಾರೆ, ಅರ್ಧ ಮುಕ್ಕಾಲು ಗಂಟೆಯ ಕೆಲಸ. ಕಷ್ಟ ಇರುವುದು ಹಿಂದಿನ ರಾತ್ರಿ. ಭೇದಿಯ ಔಷಧ ಕುಡಿದ ಮೇಲೆ ಮತ್ತೆ ಮತ್ತೆ ಓಡಬೇಕು, ಎಂಟು ಮಂದಿಗೆ ಇರುವುದು ಒಂದೇ ಬಾತ್‌ರೂಮ್! ಹಾಗಾಗಿ ರೂಮಿನವರಿಗೆ ಮೊದಲೇ ಹೇಳಿ. ಫ್ಯಾಮಿಲಿ ಇರುವ ಸಂಬಂಧಿಕರಿದ್ದರೆ ಆ ರಾತ್ರಿ ಅಲ್ಲಿರಿ. ಹಿಂದಿನ ದಿನಕ್ಕೂ ರಜೆ ಕೇಳಿ.

ಎರಡು ಮೂರು ದಿನ ಮೊದಲೇ ಕುಚ್ಚಲಕ್ಕಿ, ಬಸಳೆ, ಬೀಜದ ಪದಾರ್ಥ, ಕರಿಜೀರಿಗೆ ಬಿಡಿ. ಬಿಳಿ ಅನ್ನ, ಮೀನು, ಮೊಟ್ಟೆ ಆದೀತು. ಹಿಂದಿನ ದಿನ ನೀರು, ಹಾಲಿಲ್ಲದ ಸುಲೈಮಾನಿ, ಸೋಸಿದ ಸೂಪು ಮಾತ್ರ. ವಿಮ್ಟೊ, ರೂಹ್ ಅಫ್ಜಾ ಬೇಡ, ಆ ಬಣ್ಣ ಕರುಳಿನಲ್ಲಿ ರಕ್ತದ ಹಾಗೆ ಕಾಣ್ತದೆ. ಔಷಧವನ್ನು ಹೇಳಿದ ಹೊತ್ತಿಗೆ, ಹೇಳಿದಷ್ಟೂ ಕುಡಿಯಬೇಕು. ಹೋಗುವುದು ತಿಳಿ ಹಳದಿ ನೀರಿನಂತಾದರೆ ಸರಿ. ಕರುಳು ಸ್ವಚ್ಛವಾಗದಿದ್ದರೆ ಇಡೀ ಪರೀಕ್ಷೆ ಇನ್ನೊಮ್ಮೆ, ಮತ್ತೆ ರಜೆ, ಮತ್ತೆ ಖರ್ಚು.

ಶುಗರಿನ ಮಾತ್ರೆ, ಇನ್ಸುಲಿನ್, ರಕ್ತ ತೆಳುಮಾಡುವ ಮಾತ್ರೆ, ಕಬ್ಬಿಣದ ಮಾತ್ರೆ ಇದ್ದರೆ ಡೇಟ್ ತೆಗೆದುಕೊಳ್ಳುವಾಗಲೇ ತಿಳಿಸಿ. ತಾನಾಗಿ ನಿಲ್ಲಿಸುವುದೂ ಅಪಾಯ, ಖಾಲಿ ಹೊಟ್ಟೆಗೆ ಶುಗರಿನ ಮಾತ್ರೆ ನುಂಗುವುದೂ ಅಪಾಯ. ಕಿಡ್ನಿ, ಹೃದಯದ ತೊಂದರೆ ಇದ್ದರೆ ಭೇದಿಯ ಔಷಧವನ್ನೇ ಬದಲಿಸಬೇಕಾಗಬಹುದು. ಇನ್ಶೂರೆನ್ಸ್ ಅಪ್ರೂವಲ್‌ನಲ್ಲಿ ಪಾಲಿಪ್ ತೆಗೆಯುವುದು, ಬಯಾಪ್ಸಿ ಸೇರಿದೆಯಾ ಎಂದು ಕೇಳಿ. ಒಪ್ಪಿಗೆ ಪತ್ರ ಅರ್ಥವಾಗದೆ ಸಹಿ ಹಾಕಬೇಡಿ. ಮೈ ಮುಚ್ಚಲು ಬಟ್ಟೆ ಕೊಡುತ್ತಾರೆ. ಹೆಂಗಸರು ಲೇಡಿ ಡಾಕ್ಟರನ್ನು ಕೇಳುವುದರಲ್ಲಿ ಸಂಕೋಚ ಬೇಡ.

ಜೊತೆಗೆ ಒಬ್ಬರು ಬರಲೇಬೇಕು. ಮಂಪರು ಇಳಿದಂತೆ ಕಂಡರೂ 24 ಗಂಟೆ ಗಾಡಿ, ಫೋರ್ಕ್‌ಲಿಫ್ಟ್ ಮುಟ್ಟಬಾರದು, ಎತ್ತರಕ್ಕೆ ಹತ್ತಬಾರದು; ಸೂಪರ್‌ವೈಸರ್ ಒತ್ತಾಯಿಸಿದರೆ ಆಸ್ಪತ್ರೆಯ ಚೀಟಿ ತೋರಿಸಿ. ಆ ದಿನ ಗ್ಯಾಸ್, ಹೊಟ್ಟೆ ಉಬ್ಬರ ಸಹಜ. ಕರುಳಿಗೆ ತೂತು ಬೀಳುವುದು ಅಪರೂಪ, ಆದರೂ ಜೋರು ಹೊಟ್ಟೆನೋವು, ಜ್ವರ, ತುಂಬಾ ರಕ್ತ ಕಂಡರೆ ಕೂಡಲೇ ಎಮರ್ಜೆನ್ಸಿಗೆ ಹೋಗಿ. ಪಾಲಿಪ್ ತೆಗೆದಿದ್ದರೆ ಕೆಲವು ದಿನ ಕಳೆದ ಮೇಲೂ ರಕ್ತ ಹೋಗಬಹುದು. ಊರಿಗೆ ಟಿಕೆಟ್ ಮಾಡುವ ಮೊದಲು ಡಾಕ್ಟರನ್ನು ಕೇಳಿ.

ಬಯಾಪ್ಸಿ ವರದಿ ಬರಲು ಕೆಲವು ದಿನ ಹಿಡಿಯುತ್ತದೆ. ಅದನ್ನು ತಪ್ಪದೆ ತಂದು ಫೋನಿನಲ್ಲಿ ಫೋಟೋ ಇಟ್ಟುಕೊಳ್ಳಿ. ನಾಳೆ ಕ್ಯಾನ್ಸಲ್ ಮಾಡಿ ಊರಿಗೆ ಹೋದರೂ ಅಲ್ಲಿನ ಡಾಕ್ಟರು ಮೊದಲು ಕೇಳುವುದು ಅದನ್ನೇ.